ಫ್ರೀಜರಿನ ಫ್ಯಾನೂ ಅಕ್ಕನ ಬಿಲ್ವಪತ್ರೆಯೂ

ಮನುಷ್ಯನ ನೆಮ್ಮದಿ ಕೆಡಿಸುವ ಶಕ್ತಿಗಳು ಹೊರಗಿನಿಂದ ಬರುವುದಿಲ್ಲ, ಒಳಗೇ ಹುಟ್ಟುತ್ತವೆ ಎಂದು ತಿಳಿದವರು ಹೇಳುತ್ತಾರೆ. ಅದು ನಿಜ. ನಮ್ಮಲ್ಲಿ ಫ್ರಿಜ್ಜಿನ ಮೇಲಿನ ಖಾನೆಯೊಳಗೆ, ಐಸ್ ಟ್ರೇಯ ಹಿಂದೆ ಹುಟ್ಟಿತು.

ಮೊದಮೊದಲು ಯಾರೋ ತಗಡಿನ ಮೇಲೆ ಉಗುರು ಎಳೆದಂಥ ಸಣ್ಣ ಸದ್ದು. ವಾರ ಕಳೆಯುವುದರೊಳಗೆ ಅದು ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಅದಿರು ಹೇರಿದ ಲಾರಿ ಗೇರು ಬದಲಿಸುವ ಸದ್ದಾಯಿತು. ಬಾಗಿಲಿಗೊಂದು ಗುದ್ದು ಕೊಟ್ಟರೆ ಸುಮ್ಮನಾಗುತ್ತಿತ್ತು. ಗುದ್ದಿದವನು ಕುರ್ಚಿಗೆ ಮರಳುವಷ್ಟರಲ್ಲಿ ಮತ್ತೆ ಶುರು. ಬೇರೆ ಕಾಲದಲ್ಲಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ನಿವೃತ್ತಿಯ ತನಕ ಹಳೇ ಸೀಲಿಂಗ್ ಫ್ಯಾನಿನ ಕೆಳಗೆ ಕೂತು ಕಡತ ಬರೆದವನಿಗೆ ಫ್ಯಾನಿನ ಸದ್ದು ಸಂಬಳದ ಒಂದು ಭಾಗವೇ. ಆದರೆ ಆಗ ಮನೆಯಲ್ಲಿ ಬಾಣಂತಿ ಇದ್ದಳು.

ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಕೂಸಿಗೆ ಎರಡನೇ ತಿಂಗಳು ನಡೆದಿತ್ತು. ಹೊಸಪೇಟೆಯ ನಮ್ಮ ಮನೆ ಸಣ್ಣದು. ಫ್ರಿಜ್ ಆನಿಸಿದ ಗೋಡೆಯ ಆಚೆಬದಿಗೇ ಅವಳ ಮಂಚ, ಕೂಸಿನ ತೊಟ್ಟಿಲು. ಕೂಸು ಕಣ್ಣು ಮುಚ್ಚುವುದೂ ಫ್ಯಾನು ಬಾಯಿ ತೆರೆಯುವುದೂ ಒಂದೇ ಮುಹೂರ್ತದಲ್ಲಿ. ಕೂಸು ಬೆಚ್ಚಿ ಅಳುವುದು, ಮಗಳು ಅದನ್ನೆತ್ತಿಕೊಂಡು ಕೋಣೆಯ ಉದ್ದಗಲ ತಿರುಗುವುದು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಒಂದು ಬೆಳಿಗ್ಗೆ ಸಿಟ್ಟಿಲ್ಲದೆ, ತಣ್ಣಗೆ ಹೇಳಿದಳು. ಆ ತಣ್ಣಗಿನ ಮಾತಿಗೇ ನಾನು ಹೆದರಿದ್ದು.

"ಅಪ್ಪ, ನಾನು ಕಂಪ್ಲಿಗೆ ಹೋಗ್ತೀನಿ. ಅತ್ತಿ ಮನಿಯಾಗ ಸದ್ದಿಲ್ಲ. ನನಗ ಒಂದೀಟು ನಿದ್ದಿ ಬೇಕು, ಅಷ್ಟ."

ಕಂಪ್ಲಿ ದೂರದ ಊರಲ್ಲ. ಆದರೆ ಐದು ತಿಂಗಳು ತುಂಬುವ ಮೊದಲೇ ಬಾಣಂತಿ ತವರು ಬಿಟ್ಟು ಬಂದರೆ ಬೀಗರು ಯಾಕೆಂದು ಕೇಳುತ್ತಾರೆ. ಫ್ರಿಜ್ ಕೂಗಿತು ಎಂದು ಯಾವ ಮುಖದಿಂದ ಹೇಳುವುದು? ಬೀಗರ ಮಾತು ಹಾಗಿರಲಿ. ಹೆತ್ತವರ ಮನೆಯಲ್ಲಿ ಮಗಳಿಗೆ ನಿದ್ದೆ ಸಿಗಲಿಲ್ಲ ಎಂಬುದು ನನಗೆ ಬೀಗರ ಪ್ರಶ್ನೆಗಿಂತ ಭಾರವಾಗಿತ್ತು.

"ನಾಡಿದ್ದಿನತನ ತಡಿಯವ್ವ," ಅಂದೆ.

ರಿಪೇರಿಯವರಿಗೆ ಫೋನ್ ಮಾಡಿದರೆ, ಬೇಸಿಗೆ ಬೇರೆ, ಊರಿನ ಕೂಲರುಗಳೆಲ್ಲ ನಮಗಿಂತ ಮುಂದೆ ಸಾಲಿನಲ್ಲಿದ್ದವು. "ಮುಂದಿನ ವಾರ ನೋಡೋಣ್ರಿ" ಎಂದರು. ಹಾಗಾಗಿ ಮನೆಯಲ್ಲೇ ತಜ್ಞರ ಸಮಿತಿ ಸೇರಿತು. ನೆಲ ಸಮನಿಲ್ಲ ಎಂಬುದು ಹೆಂಡತಿಯ ಅಭಿಪ್ರಾಯ; ಫ್ರಿಜ್ಜಿನ ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟಳು. ನಮ್ಮೊಡನೆಯೇ ಇರುವ ನನ್ನ ಅಕ್ಕನದು ಬೇರೆ ಪಂಥ.

"ಕೂಸಿನ ನೋಡಾಕ ಬಂದವ್ರು ಫ್ರಿಜ್ಜೂ ನೋಡ್ಯಾರ. ಇನ್ನೂ ಹೊಸಾದಂಗ ಐತಲ್ಲ ಅಂದ್ಲು ಒಬ್ಬಾಕಿ," ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎರಡೂ ಚಿಕಿತ್ಸೆ ಮುಗಿದ ಮೇಲೆ ರೋಗಿ ಮೊದಲಿಗಿಂತ ಗಟ್ಟಿಯಾಗಿ ಕೂಗಿತು.

ಮೂರನೆಯ ಸರದಿ ನನ್ನದು. ನಾನು ಫ್ರೀಜರಿನ ಬಾಗಿಲು ತೆಗೆದೆ. ಸದ್ದು ನಿಂತಿತು. ಮುಚ್ಚಿದೆ, ಬಂತು. ತೆಗೆದೆ, ನಿಂತಿತು.

"ನಿಮ್ಮ ಮುಖ ಕಂಡ್ರ ಹೆದರತೈತ್ರಿ," ಎಂದಳು ಹೆಂಡತಿ. "ಹಂಗ ಅಲ್ಲೇ ನಿಂತಿರ್ರಿ, ಸಂಜೀತನ."

ಆಮೇಲೆ ಬಾಗಿಲ ಚೌಕಟ್ಟಿನಲ್ಲಿ ಸಣ್ಣದೊಂದು ಗುಂಡಿ ಕಂಡಿತು. ಬಾಗಿಲು ಮುಚ್ಚಿದಾಗ ಅದು ಒತ್ತಿಕೊಂಡು ಒಳಗಿನ ಫ್ಯಾನು ತಿರುಗಬೇಕು, ತೆರೆದಾಗ ನಿಲ್ಲಬೇಕು: ಏರ್ಪಾಡು ಹಾಗೆ. ಬಾಗಿಲು ತೆರೆದಿಟ್ಟು ಬೆರಳಿನಿಂದ ಗುಂಡಿ ಒತ್ತಿದೆ. ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಒಳಗಿನಿಂದ ಲಾರಿ ಹೊರಟಿತು. ಆರೋಪಿ ಸಿಕ್ಕ.

ಪ್ಲಗ್ ಕಿತ್ತು, ಹಾಲು ಮೊಸರು ಪಕ್ಕದ ಮನೆಗೆ ಕಳಿಸಿ ಫ್ರೀಜರ್ ಖಾಲಿ ಮಾಡತೊಡಗಿದೆವು. ಬಟಾಣಿ ಪೊಟ್ಟಣ, ಐಸ್ ಟ್ರೇ. ಅವುಗಳ ಹಿಂದೆ, ಹಲಗೆಗೆ ಒತ್ತಿಕೊಂಡು, ಕಲ್ಲಿನಂತಾದ ಬಟ್ಟೆಯ ಗಂಟುಗಳು.

"ಅಕ್ಕ, ಏನಿದು?"

"ಪತ್ರಿ."

ಸೋಮವಾರ ಲಿಂಗಕ್ಕೆ ಏರಿಸುವ ಬಿಲ್ವಪತ್ರೆ. ನಮ್ಮ ಓಣಿಯ ಗಿಡ ಬೆಳಗಾಗುವುದರೊಳಗೆ ಬೋಳಾಗುತ್ತದೆ. ಅದಕ್ಕೆ ಅಕ್ಕ ಸಂಡೂರಿನಿಂದ ಬರುವ ಪರಿಚಯದವರ ಕೈಲಿ ತಿಂಗಳಿಗಾಗುವಷ್ಟು ಒಮ್ಮೆಲೇ ತರಿಸುತ್ತಾಳೆ. ಬಿಲ್ವ ಹಳಸುವುದಿಲ್ಲ, ಒಣಗಿದ್ದನ್ನೂ ತೊಳೆದು ಏರಿಸಬಹುದು ಎನ್ನುತ್ತದೆ ಶಾಸ್ತ್ರ. ಅಕ್ಕನಿಗೆ ಶಾಸ್ತ್ರದ ಮೇಲೆ ಪೂರ್ಣ ನಂಬಿಕೆ. ಆದರೂ ಯಾವುದಕ್ಕೂ ಇರಲಿ ಎಂದು ತೊಳೆದು, ಹಸಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗಿಡುತ್ತಾಳೆ. ಮೊದಲು ಕೆಳಗೆ ಇಡುತ್ತಿದ್ದಳು; ಬಾಣಂತಿಯ ಸೊಪ್ಪು, ಹಾಲು, ತುಪ್ಪ ಬಂದು ಕೆಳಗೆ ಜಾಗವಿಲ್ಲದಾಗಿ ಪತ್ರೆಗೆ ಮೇಲಕ್ಕೆ ಬಡ್ತಿ ಸಿಕ್ಕಿತ್ತು. ಗಂಟುಗಳು ಗಾಳಿಯಾಡುವ ಸೀಳುಗಳಿಗೇ ಆತುಕೊಂಡು, ಬಟ್ಟೆಯ ತೇವವೆಲ್ಲ ಒಳಗೆ ಹೋಗಿ ಹೆಪ್ಪುಗಟ್ಟಿತ್ತು. ನೀರು ಎತ್ತ ಹೋಗುತ್ತದೆ ಎಂದು ಜೀವಮಾನವಿಡೀ ಸರ್ಕಾರಕ್ಕೆ ಬರೆದು ತಿಳಿಸಿದವನ ಮನೆಯಲ್ಲಿ ಇದು ನಡೆದಿತ್ತು.

ಹಲಗೆ ಬಿಚ್ಚಲು ಹೋದರೆ ಮಂಜು ಬಿಡಲಿಲ್ಲ. ಹೆಂಡತಿ ತೆಂಗಿನಕಾಯಿ ಒಡೆಯುವ ಕತ್ತಿ ಹಿಡಿದು ಬಂದಳು.

"ಕೆತ್ತಿ ತಗದ್ರ ಜಲ್ದಿ ಆಗತೈತ್ರಿ."

"ಬ್ಯಾಡ ಬ್ಯಾಡ. ಒಳಗಿನ ಪೈಪ್ ಒಡದ್ರ ಗ್ಯಾಸ್ ಹೋಗತೈತಿ. ಆಮ್ಯಾಲ ಅದು ಬಟ್ಟಿ ಇಡೋ ಬೀರು."

ಬಾಣಂತಿ ಇರುವ ಮನೆಯಲ್ಲಿ ಬಿಸಿನೀರಿಗೆ ಬರವಿಲ್ಲ. ಎರೆಯಲು ಕಾಯಿಸಿದ್ದರಲ್ಲೇ ಒಂದು ಪಾತ್ರೆ ತುಂಬಿ ಫ್ರೀಜರಿನೊಳಗಿಟ್ಟು ಬಾಗಿಲು ಮುಚ್ಚಿ, ಕೆಳಗೆ ಹಳೇ ಸೀರೆ ಹಾಸಿ ಕೂತೆವು. ನೀರು ತಣಿದಂತೆಲ್ಲ ಅಕ್ಕ ಬದಲಿಸುತ್ತಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಸೀರೆ ತೊಯ್ದು ತೊಪ್ಪೆಯಾಗಿ, ಸ್ಕ್ರೂಗಳು ಸಡಿಲಿ, ಹಲಗೆ ಕೈಗೆ ಬಂತು.

ಫ್ಯಾನಿನ ಸುತ್ತ ಇನ್ನೂ ಬಳೆಯಂತೆ ಮಂಜು ಕೂತಿತ್ತು. ಒಂದು ರೆಕ್ಕೆ ಉಜ್ಜಿ ಉಜ್ಜಿ ಅದರಲ್ಲಿ ಸವೆದ ಗೆರೆ. ಆ ಮಂಜಿನೊಳಗೆ, ಗಾಜಿನಲ್ಲಿಟ್ಟಂತೆ, ಸೀಳಿನಿಂದ ಜಾರಿ ಒಳಬಿದ್ದ ಮೂರೆಲೆಯ ಒಂದು ಬಿಲ್ವ.

ಅಕ್ಕ ಬಗ್ಗಿ ನೋಡಿದಳು. "ನೋಡಿದ್ಯಾ ತಮ್ಮಾ, ಬಾಡಿಲ್ಲ."

"ಫ್ಯಾನಿಗೆ ಯಾಕ ಏರಿಸಿದ್ಯಕ್ಕ?"

"ಎಲ್ಲಾದ್ರಾಗೂ ಶಿವ ಅದಾನ."

"ಅದಾನ. ಆದ್ರ ತಿರಗಬೇಕಲ್ಲ."

ಅವಳು ಎಲೆಯನ್ನು ಮಂಜಿನಿಂದ ಬಿಡಿಸಿ ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿಟ್ಟುಕೊಂಡಳು. ನಾನು ಉಳಿದ ಮಂಜು ಕರಗಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೆರಳಿನಿಂದ ರೆಕ್ಕೆ ತಳ್ಳಿದೆ. ತಿರುಗಿತು, ತಿರುಗುತ್ತಲೇ ಇತ್ತು. ಹಲಗೆ ಕೂಡಿಸಿ ಪ್ಲಗ್ ಹಾಕಿದೆ.

ಏನೂ ಕೇಳಿಸಲಿಲ್ಲ.

"ಸತ್ತೇ ಹೋತೇನ್ರಿ?" ಎಂದಳು ಹೆಂಡತಿ, ನೆಲದಿಂದ ಏಳದೆಯೇ.

ಬಾಗಿಲು ತೆಗೆದು ಗುಂಡಿ ಒತ್ತಿ, ಪೇಪರಿನ ಚೂರೊಂದನ್ನು ಸೀಳಿನ ಮುಂದೆ ಹಿಡಿದೆ. ಅದು ಪಟಪಟನೆ ಹಾರಾಡಿತು. ಕಾಗದ ಇಷ್ಟು ಚುರುಕಾಗಿ ಚಲಿಸಿದ್ದನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ. ಅಲ್ಲೇ ತೊಯ್ದ ಸೀರೆಯ ಮೇಲೆ ಕೂತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಕೋಣೆಗೆ ಇಣುಕಿ ಬಂದು, ಎರಡು ಕೈಯನ್ನೂ ಕೆನ್ನೆಗೆ ಕೊಟ್ಟು ತೋರಿಸಿದಳು: ತಾಯಿ, ಕೂಸು ಇಬ್ಬರೂ ಮಲಗಿದ್ದರು. ಅಂದು ಸಂಜೆ ಕುಕ್ಕರಿಗೆ ಕೂಗುವ ಅಪ್ಪಣೆ ಇರಲಿಲ್ಲ. ಬೇಳೆಯನ್ನು ಬೋಗುಣಿಯಲ್ಲೇ ಬೇಯಿಸಿದರು. ಬಿಲ್ವ ಒಣಬಟ್ಟೆಯಲ್ಲಿ ಒರೆಸಿಕೊಂಡು ಡಬ್ಬಿ ಸೇರಿ ಕೆಳಗಿನ ಖಾನೆಯಲ್ಲಿ ನನ್ನ ಮಜ್ಜಿಗೆ ಗಡಿಗೆಯ ಜಾಗ ಹಿಡಿಯಿತು. ನಾನು ಆಕ್ಷೇಪಣೆ ಸಲ್ಲಿಸಲಿಲ್ಲ.

ಮಗಳು ಐದು ತಿಂಗಳು ತುಂಬಿದ ಮೇಲೆ ಕಂಪ್ಲಿಗೆ ಹೋದಳು.