ನಬೋರನ ಜೇಬಿನಲ್ಲಿ ಕರ್ನಲ್

ಊರ ನಡುವಿನ ಸೊಲೆದಾದ್ ತೋಟಕ್ಕೆ ಬಂದರೆ ಒಬ್ದುಲಿಯಾ ಎಲ್ಲಿದ್ದಾಳೆ ಎಂದು ಯಾರನ್ನೂ ಕೇಳಬೇಕಿಲ್ಲ. ಕಾರಂಜಿಯ ಪಕ್ಕ, ಕೆಂಪು ಸಾಲ್ವಿಯಾ ಗಿಡಗಳ ಎದುರು ಮಡಚುವ ಕುರ್ಚಿ ಹಾಕಿಕೊಂಡು, ಮಂಡಿಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಕೂತವಳೇ ಅವಳು. ಅಲುಗುವುದಿಲ್ಲ, ಕರೆದರೆ ತಿರುಗುವುದೂ ಇಲ್ಲ. ಪಾಪ, ಕಿವುಡಿ ಇರಬೇಕು ಎಂದು ಹೊಸಬರು ಮರುಗುತ್ತಾರೆ. ಕಿವಿ ಚೆನ್ನಾಗಿಯೇ ಇದೆ, ಜಂಬ ಅಷ್ಟೇ ಎಂದು ನಾನು ಹೇಳುತ್ತೇನೆ. ಅದೇ ಮೂಲೆಯಲ್ಲಿ ನನ್ನ ಒಲೆ. ಬೆಳಗಿನ ಹೊತ್ತು ಬಿಸಿ ಅತೋಲೆ ಗಂಜಿ, ಜೋಳದ ಸಿಪ್ಪೆಯಲ್ಲಿ ಬೇಯಿಸಿದ ತಮಾಲೆ ಮಾರುತ್ತೇನೆ. ನನ್ನ ಹೆಸರು ಹೆರ್ಮಿಲಾ. ನನ್ನ ಮಗಳಿಗೆ ಜ್ಞಾನಸ್ನಾನದ ತಾಯಿಯಾಗಿ ನಿಂತವಳು ಒಬ್ದುಲಿಯಾ. ಆ ನಂಟಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಅಂದರೆ ಅವಳನ್ನು ಬೈಯುವ ಹಕ್ಕನ್ನು ನನಗೆ ಪಾದ್ರಿಗಳೇ ಕೊಟ್ಟಿದ್ದಾರೆ.

ಅವಳು ಫೋಟೋ ತೆಗೆಯುವುದು ಝೇಂಕಾರದ ಹಕ್ಕಿಗಳದ್ದು. ನಮ್ಮ ಬಾಯಲ್ಲಿ ಅದು ಹೂಹೀರುಕ. ಹೆಬ್ಬೆರಳಿನಷ್ಟು ಗಾತ್ರ, ಸೂಜಿಯಂಥ ಕೊಕ್ಕು, ಮೈತುಂಬಾ ಕೋಪ. ನನ್ನ ಕೆಂಪು ಏಪ್ರನ್ನನ್ನೇ ಹೂವೆಂದುಕೊಂಡು ಎಷ್ಟೋ ಸಲ ನನ್ನ ಹೊಟ್ಟೆಗೆ ಚುಚ್ಚಲು ಬಂದಿವೆ. ಅವುಗಳ ಹಿಂದೆ ಕ್ಯಾಮೆರಾ ಹಿಡಿದು ಓಡಿದರೆ ಏನೂ ಸಿಗುವುದಿಲ್ಲ. ಒಬ್ದುಲಿಯಾ ಓಡುವುದಿಲ್ಲ. ಒಂದು ಸುತ್ತು ಹೂ ಕುಡಿದು, ಎದುರಿಗೆ ಬಂದವರಿಗೆಲ್ಲ ಜಾಡಿಸಿ, ಹಕ್ಕಿ ಮತ್ತೆ ಅದೇ ಒಣಕೊಂಬೆಯ ತುದಿಗೆ ಬಂದು ಕೂರುತ್ತದೆ. ಅವಳು ಆ ಖಾಲಿ ಕೊಂಬೆಗೆ ಕ್ಯಾಮೆರಾ ಗುರಿಯಿಟ್ಟು ಕಾಯುತ್ತಾಳೆ.

ಇದೆಲ್ಲ ಅವಳು ಕಲಿತದ್ದು ಗಂಡ ಫಿದೆನ್ಸಿಯೊನಿಂದ. ಅವನು ಈ ತೋಟದ ಫೋಟೋಗ್ರಾಫರ್ ಆಗಿದ್ದ. ಒಂದು ಮರದ ಕುದುರೆ, ಅದರ ಮೇಲೆ ಜರಿಯ ಜೀನು, ಮಕ್ಕಳ ತಲೆಗೆ ದೊಡ್ಡ ಟೋಪಿ. ಊರಿನಲ್ಲಿ ಆ ಕುದುರೆ ಹತ್ತಿ ಅಳದ ಮಗುವೇ ಇರಲಿಲ್ಲ. ಒಬ್ದುಲಿಯಾ ಹುಡುಗಿಯಾಗಿದ್ದಾಗ ಹೊಲಿಗೆ ಶಾಲೆಗೆ ಕೊಡಲು ಫೋಟೋ ತೆಗೆಸಿಕೊಳ್ಳಲೆಂದು ಅಮ್ಮನ ಜೊತೆ ಬಂದಳು. "ಕಣ್ಣು ಮುಚ್ಬಿಟ್ಟಿದೀರ, ನಾಳೆ ಬನ್ನಿ" ಎಂದ. ಮರುದಿನ ಬಂದರೆ, "ಅಯ್ಯೋ, ಮತ್ತೆ ಮುಚ್ಬಿಟ್ರಲ್ಲಾ!" ವಾರವಿಡೀ ಇದೇ ಆಯಿತು. "ಈ ಪುಣ್ಯಾತ್ಮಂಗೆ ಕೆಲ್ಸಾನೇ ಬರಲ್ಲ" ಎಂದು ಅವಳಮ್ಮ ತೋಟದ ತುಂಬಾ ಕೂಗಾಡಿದಳು. ಕೆಲಸ ಚೆನ್ನಾಗಿಯೇ ಬರುತ್ತಿತ್ತು, ಇಲ್ಲದಿದ್ದರೆ ಮದುವೆ ಹೇಗಾಗುತ್ತಿತ್ತು?

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಮರದ ಕುದುರೆಯ ಹತ್ತಿರ ಯಾರೂ ಸುಳಿಯದಾದರು. ಸುಮ್ಮನೆ ಕೂತು ಬೇಸರಗೊಂಡ ಫಿದೆನ್ಸಿಯೊ ಕ್ಯಾಮೆರಾವನ್ನು ಹೂಗಿಡಗಳ ಕಡೆಗೆ ತಿರುಗಿಸಿದ. ತಲೆಯ ಮೇಲೆ ಒಂದೇ ಒಂದು ಬಿಳಿ ಗರಿಯಿದ್ದ ಗಂಡು ಹೂಹೀರುಕವೊಂದು ಅವನ ಕಣ್ಣಿಗೆ ಬಿದ್ದದ್ದು ಆಗಲೇ. ಸಾಲ್ವಿಯಾ ಸಾಲು ತನ್ನಪ್ಪನ ಆಸ್ತಿ ಎನ್ನುವ ಹಾಗೆ ಅದು ಬಂದ ಹಕ್ಕಿಗಳನ್ನೆಲ್ಲ ಅಟ್ಟುತ್ತಿತ್ತು. ಅವನು ಅದಕ್ಕೆ ಕರ್ನಲ್ ಎಂದು ಹೆಸರಿಟ್ಟ.

ಹೋದ ಮಳೆಗಾಲದಲ್ಲಿ ಫಿದೆನ್ಸಿಯೊಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತುಂಡು ತುಂಡಾಗಿ, ಹುಡುಕಿ ಹುಡುಕಿ ಬರತೊಡಗಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನು ಕೇಳಿದ ಮೊದಲ ಮಾತು, "ಕರ್ನಲ್?"

ಒಬ್ದುಲಿಯಾ ಕ್ಯಾಮೆರಾ ಎತ್ತಿಕೊಂಡು ತೋಟಕ್ಕೆ ಬಂದಳು. ಅಲ್ಲಿಯವರೆಗೆ ಅವಳು ಮುಟ್ಟಿದ್ದು ಹೊಲಿಗೆ ಯಂತ್ರವನ್ನು ಮಾತ್ರ. ಮೊದಲ ಫೋಟೋಗಳಲ್ಲಿ ಹೂವಿದ್ದರೆ ಹಕ್ಕಿಯಿಲ್ಲ, ಹಕ್ಕಿಯಿದ್ದರೆ ಬರೀ ಬಾಲ. ಒಂದರಲ್ಲಂತೂ ನಾನು ಆಕಳಿಸುತ್ತಿದ್ದೆ. ದಿನಾ ಮಧ್ಯಾಹ್ನ ಮನೆಗೆ ಹೋಗಿ ಕ್ಯಾಮೆರಾದ ಪುಟ್ಟ ಪರದೆಯನ್ನು ಅವನ ಮುಖಕ್ಕೆ ಹಿಡಿಯುವಳು. ಅವನು ಎಡಗೈ ಬೆರಳಿನಿಂದ ತಪ್ಪನ್ನು ತಟ್ಟಿ ತೋರಿಸುವನು. ಆಮೇಲೆ ಇಬ್ಬರೂ ಊಟಕ್ಕೆ ಕೂರುವರು. ಬರಬರುತ್ತಾ ಅವಳ ಕೈ ಪಳಗಿತು. ಬಿಳಿ ಗರಿ ಮಿಂಚುವ ಹಾಗೆ, ಕತ್ತಿನ ನೇರಳೆ ಬಣ್ಣ ಹೊತ್ತಿ ಉರಿಯುವ ಹಾಗೆ ಕರ್ನಲ್‌ನನ್ನು ಹಿಡಿಯುತ್ತಿದ್ದಳು.

ಒಂದು ಸಲ ಉತ್ತರದ ಗಾಳಿ ಮಳೆಯನ್ನು ಹೊತ್ತು ತಂದು ಬಿಡದೆ ಸುರಿಸಿತು. ತೋಟದಲ್ಲಿ ನರಪಿಳ್ಳೆಯಿಲ್ಲ. ಇವಳೊಬ್ಬಳು ಪ್ಲಾಸ್ಟಿಕ್ ಹಾಳೆಯನ್ನು ಕ್ಯಾಮೆರಾಗೆ ಹೊದೆಸಿ, ತಾನು ನೆನೆಯುತ್ತಾ ಕೂತಿದ್ದಳು. ಕರ್ನಲ್ ಬರಲೇ ಇಲ್ಲ. ಖಾಲಿ ಕೈಯಲ್ಲಿ ಮನೆಗೆ ಹೋದರೆ ಫಿದೆನ್ಸಿಯೊ ಅವಳನ್ನು ನೋಡಿ ಗೋಡೆಯ ಕಡೆ ಹೊರಳಿದ. ತುತ್ತು ಮುಟ್ಟಲಿಲ್ಲ. ಮರುದಿನವೂ ಅದೇ ಮಳೆ, ಅದೇ ಹಟ. ಬಿಸಿಲು ಬಂದು, ಹಕ್ಕಿ ಬಂದು, ಫೋಟೋ ಮನೆ ಸೇರಿದ ಮೇಲೇ ಅವನು ಊಟ ಮಾಡಿದ್ದು. ಅಂದಿನಿಂದ ಇವಳ ತಲೆಯಲ್ಲಿ ಒಂದು ಮಾತು ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಕರ್ನಲ್ ಇರುವವರೆಗೆ ಗಂಡ ಇರುತ್ತಾನೆ. ಕರ್ನಲ್ ಹೋದ ದಿನ ಗಂಡನೂ ಅನ್ನ ಬಿಟ್ಟು ಹೋಗುತ್ತಾನೆ.

"ಹುಚ್ಚು ಹಿಡಿದಿದ್ಯೇನೇ ನಿಂಗೆ? ಹಕ್ಕಿ ಆಯಸ್ಸಿಗೂ ಮನುಷ್ಯನ ಆಯಸ್ಸಿಗೂ ಗಂಟು ಹಾಕ್ತೀಯಲ್ಲ" ಎಂದು ನಾನು ಬೈದೆ.

"ನೀನು ನೋಡಿಲ್ಲ ಕೊಮಾದ್ರೆ, ಗೋಡೆ ಕಡೆ ತಿರುಗಿದ್ದ ಆ ಬೆನ್ನನ್ನ" ಎಂದಳು.

ಫೆಬ್ರವರಿ ಮೊದಲಲ್ಲಿ ಬರುವ ಕಾಂದೆಲಾರಿಯಾ ಹಬ್ಬದ ಹಿಂದಿನ ದಿನ. ಮೈ ಕೊರೆಯುವ ಚಳಿ. ಕಾರಂಜಿಯ ನೀರಿನ ಮೇಲೆ ಹಾಳೆಯಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಹಬ್ಬಕ್ಕೆ ಇಡೀ ಊರಿಗೆ ತಮಾಲೆ ಬೇಕು, ಹಾಗಾಗಿ ನಾನು ಬೆಳಕು ಹರಿಯುವಷ್ಟರಲ್ಲಿ ಒಲೆ ಹಚ್ಚಿದ್ದೆ. ತೋಟ ಗುಡಿಸುವ ನಬೋರನೂ ಹಬ್ಬದ ಸಲುವಾಗಿ ಬೇಗ ಬಂದಿದ್ದ. ತಲೆ ನರೆಯತೊಡಗಿದ್ದರೂ ಮದುವೆಯಾಗದ ಮನುಷ್ಯ. ಬ್ರೆಡ್ಡಿನ ಬುಟ್ಟಿ ಹೊತ್ತು ದಿನಾ ತೋಟ ಹಾದುಹೋಗುವ ಬೇಕರಿಯ ಪಾಸ್ಕುವಾಲಾ ಮೇಲೆ ಅವನಿಗೆ ಮನಸ್ಸು. ಅವಳು ಬಂದರೆ ಪೊರಕೆ ಹಿಡಿದು ನೆಟ್ಟಗೆ ನಿಂತುಬಿಡುತ್ತಿದ್ದ, ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಅಂದು ಮಾತ್ರ ಏನೋ ಗೆಲುವಾಗಿ ಸಿಳ್ಳೆ ಹಾಕುತ್ತಿದ್ದ.

ಒಬ್ದುಲಿಯಾ ಗಂಡನಿಗೆ ಸ್ನಾನ, ತಿಂಡಿ ಮುಗಿಸಿ ಬರುವುದು ಬಿಸಿಲೇರಿದ ಮೇಲೆ. ಅಂದು ಹಬ್ಬದ ಕೆಲಸದಲ್ಲಿ ನನಗೆ ಕೈಜೋಡಿಸಲೆಂದು ಅವಳೂ ಬೇಗ ಬಂದಳು. ಬಂದವಳು ಅಭ್ಯಾಸಬಲದಿಂದ ಒಣಕೊಂಬೆ ನೋಡಿದಳು. ಖಾಲಿ. ಸ್ವಲ್ಪ ಕಾದಳು. ಬೇರೆ ಹೂಹೀರುಕವೊಂದು ಬಂದು ಸಾಲ್ವಿಯಾ ಸಾಲಿನಲ್ಲಿ ಆರಾಮಾಗಿ ಹೂ ಕುಡಿಯಿತು. ಅದನ್ನು ಅಟ್ಟುವವರು ಯಾರೂ ಬರಲಿಲ್ಲ. ಒಬ್ದುಲಿಯಾಳ ಮುಖ ಸುಣ್ಣದಂತಾಯಿತು.

"ನಬೋರ್, ಕರ್ನಲ್‌ನ ನೋಡಿದ್ಯಾ?"

"ಇಲ್ವಲ್ಲಾ ದೋನ್ಯಾ ಒಬ್ದುಲಿಯಾ" ಎಂದವನು ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡ. ನಮ್ಮಿಬ್ಬರನ್ನೂ ಅವನು ದೋನ್ಯಾ, ಅಂದರೆ ಅಮ್ಮಾವ್ರೇ, ಎಂದೇ ಕರೆಯುವುದು.

ಜೇಬಿನಿಂದ ಕೆಂಪು ದಾರದ ತುದಿ ಇಣುಕುತ್ತಿದ್ದುದನ್ನು ನಾನು ನೋಡಿದೆ. ನಮ್ಮ ಕಡೆ ಆ ದಾರ ಯಾಕೆಂದು ಯಾರಿಗೆ ಗೊತ್ತಿಲ್ಲ? ಸತ್ತ ಹೂಹೀರುಕಕ್ಕೆ ಕೆಂಪು ದಾರ ಸುತ್ತಿ ಎದೆಗೊತ್ತಿ ಇಟ್ಟುಕೊಂಡರೆ ಮೆಚ್ಚಿದವರು ಒಲಿಯುತ್ತಾರಂತೆ. ಕೊಂದರೆ ಪಾಪ, ತಾನಾಗಿ ಸತ್ತದ್ದು ಸಿಕ್ಕರೆ ಭಾಗ್ಯ.

"ತೆಗಿಯೋ ಹೊರಗೆ!" ಸೌಟು ಹಿಡಿದೇ ಮೇಲೆ ಹೋದೆ.

"ದೇವರಾಣೆ ನಾನು ಕೊಂದಿಲ್ಲ ದೋನ್ಯಾ ಹೆರ್ಮಿಲಾ! ಗುಡಿಸಕ್ಕೆ ಬಂದಾಗ ಕೊಂಬೇಲಿ ತಲೆಕೆಳಗಾಗಿ ನೇತಾಡ್ತಿತ್ತು. ಮುಟ್ಟಿದ್ರೆ ಕಲ್ಲು. ಕಣ್ಣು ಮುಚ್ಚಿತ್ತು. ಹೆಂಗೂ ಸತ್ತಿದೆಯಲ್ಲ, ಅಂತ..."

ಅಂಗೈ ಮೇಲೆ ಇಟ್ಟು ತೋರಿಸಿದ. ರೆಕ್ಕೆಗಳನ್ನು ಮೈಗೆ ಅಂಟಿಸಿ ದಾರ ಸುತ್ತಿದ ಒಂದು ಪುಟ್ಟ ಕಟ್ಟು. ನೆತ್ತಿಯ ಮೇಲೆ ಬಿಳಿ ಗರಿ.

ಒಬ್ದುಲಿಯಾ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ತಣ್ಣಗೆ ಕೊರೆಯುತ್ತಿತ್ತು. ನೆಲದ ಮೇಲೆ ಕುಸಿದು ಕೂತಳು.

"ಮಧ್ಯಾಹ್ನ ಅವರ ಮುಂದೆ ಏನು ಹಿಡೀಲಿ ಕೊಮಾದ್ರೆ?"

"ನಿನ್ನೇದನ್ನೇ ತೋರ್ಸು. ಯಾರಿಗೆ ಗೊತ್ತಾಗುತ್ತೆ?"

"ಅವರಿಗೆ ಗೊತ್ತಾಗಲ್ವಾ? ಫೋಟೋದಲ್ಲಿರೋ ಬಿಸಿಲು ನೋಡಿ ಹೊತ್ತು ಹೇಳ್ತಾರೆ. ಮತ್ತೆ ನಾಳೆ? ನಾಡಿದ್ದು?" ಅವಳು ನನ್ನ ಏಪ್ರನ್ ಹಿಡಿದು ಜಗ್ಗಿದಳು. "ಅವರು ಗೋಡೆ ಕಡೆ ತಿರುಗಿದ್ರೆ ನಾನು ಯಾರಿಗೆ ಅಂತ ಅನ್ನ ಮಾಡ್ಲಿ?"

ನನ್ನ ಸಂಕಟವೆಲ್ಲ ಸಿಟ್ಟಾಗಿ ನಬೋರನ ಮೇಲೆ ಹೋಯಿತು. ಮುಠ್ಠಾಳ, ಮದುವೆ ಯೋಗವಿಲ್ಲದವನೇ ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ಪಾಪ, ಅವನು ಹಕ್ಕಿಯನ್ನು ಅವಳ ಕಡೆ ಚಾಚಿದ. "ಬೇಡಪ್ಪ, ನಾನು ನೋಡಲಾರೆ, ನೀನೇ ಇಟ್ಕೋ" ಎಂದಳು. ಅವನು ಕಣ್ಣೊರೆಸಿಕೊಳ್ಳುತ್ತಾ ಅದನ್ನು ಮತ್ತೆ ಜೇಬಿಗಿಟ್ಟು, ನನ್ನ ಒಲೆಯ ಪಕ್ಕ ಮುದುಡಿ ಕೂತ. ಹೀಗೆ ಮೂವರೂ ಸತ್ತವರ ಮನೆಯಲ್ಲಿ ಕೂತಂತೆ ಕೂತಿದ್ದೆವು.

ಅಷ್ಟರಲ್ಲಿ ತೋಟದ ಗೇಟಿನಲ್ಲಿ ಪಾಸ್ಕುವಾಲಾ ಕಾಣಿಸಿದಳು, ತಲೆಯ ಮೇಲೆ ಬ್ರೆಡ್ಡಿನ ಬುಟ್ಟಿ. ನಬೋರ್ ಧಿಗ್ಗನೆ ಎದ್ದು ನಿಂತ. ಎದೆ ಹಿಡಿದುಕೊಂಡ. ಮುಖ ಬಿಳಿಚಿಕೊಂಡಿತು.

"ದೋನ್ಯಾ... ನನ್ನೆದೆ... ನನ್ನೆದೆ ಗಡಗಡ ಅಂತಿದೆ!"

"ಥೂ ನಿನ್ನ! ಇಂಥ ಹೊತ್ತಲ್ಲೂ ಅವಳನ್ನ ನೋಡಿ ನಡುಗ್ತೀಯಲ್ಲೋ!"

"ಹಂಗಲ್ಲ ದೋನ್ಯಾ! ಮಂತ್ರ ಹತ್ತಿದೆ! ಎದೇಲಿ ಸದ್ದಾಗ್ತಿದೆ ನೋಡಿ!"

ಸದ್ದು ನಮಗೂ ಕೇಳಿಸಿತು. ಸೀಸೆಯಲ್ಲಿ ಸಿಕ್ಕಿಕೊಂಡ ದುಂಬಿಯ ಹಾಗೆ, ಗುಂಯ್ ಎಂದು. ಅವನ ಜೇಬು ಅದುರುತ್ತಿತ್ತು.

ಒಬ್ದುಲಿಯಾ ಎದ್ದ ರಭಸಕ್ಕೆ ಪಕ್ಕದಲ್ಲಿದ್ದ ಕುರ್ಚಿ ಉರುಳಿತು. ಒಂದೇ ನೆಗೆತಕ್ಕೆ ನಬೋರನ ಜೇಬಿಗೆ ಕೈ ಹಾಕಿದಳು. ಬ್ರೆಡ್ಡಿನ ಬುಟ್ಟಿ ಹಿಡಿದುಕೊಂಡು ಪಾಸ್ಕುವಾಲಾ ನಿಂತಲ್ಲೇ ಬಾಯಿ ಬಿಟ್ಟಳು. ಕರ್ನಲ್‌ನ ಕಣ್ಣು ತೆರೆದಿತ್ತು! ಕಪ್ಪು ಮಣಿಯಂಥ ಕಣ್ಣು, ಅದರಲ್ಲಿ ಅದೇ ಹಳೆಯ ಕೋಪ. ಎಷ್ಟು ವರ್ಷ ಸೂಜಿಗೆ ದಾರ ಪೋಣಿಸಿದ ಬೆರಳುಗಳು, ಉಗುರಿನ ತುದಿಯಿಂದ ಆ ಗಂಟು ಬಿಚ್ಚತೊಡಗಿದವು. "ನಿಧಾನ ಕಣೇ, ನಿಧಾನ" ಎನ್ನುತ್ತಾ ನಾನು ಸೀಸೆಯ ಮುಚ್ಚಳದಲ್ಲಿ ಬೆಲ್ಲದ ನೀರು ಕಲಸಿ ಹಿಡಿದೆ. ಎಳೆಯಷ್ಟು ಸಣ್ಣ ನಾಲಿಗೆ ಹೊರಬಂತು, ಮತ್ತೆ ಬಂತು. ಆಮೇಲೆ ಅವಳ ಅಂಗೈ ಖಾಲಿ. ತಲೆ ಎತ್ತಿದರೆ ಕರ್ನಲ್ ಒಣಕೊಂಬೆಯ ಮೇಲಿದ್ದ. ಗರಿ ಕೊಡವಿಕೊಂಡು, ಅಲ್ಲಿಯವರೆಗೆ ಬಿಟ್ಟಿ ಹೂ ಕುಡಿಯುತ್ತಿದ್ದ ಆ ಇನ್ನೊಂದು ಹಕ್ಕಿಯ ಮೇಲೆ ಎರಗಿದ.

ಅಯ್ಯೋ ತಂದೆ! ಎಷ್ಟು ಹಗುರಾಯಿತು ಜೀವ! ನಾನು ನಬೋರನನ್ನು ತಬ್ಬಿಕೊಂಡುಬಿಟ್ಟೆ. ಪಾಸ್ಕುವಾಲಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ನಕ್ಕು ಅವನ ಕೈಗೊಂದು ಬಿಸಿ ಬ್ರೆಡ್ಡು ಕೊಟ್ಟು ಹೋದಳು. ದಾರ ಕೆಲಸ ಮಾಡಿತೋ ಜೇಬು ಕೆಲಸ ಮಾಡಿತೋ ನನಗೆ ಗೊತ್ತಿಲ್ಲ. ಒಬ್ದುಲಿಯಾ ಮಾತ್ರ ಅಳುತ್ತಲೇ ಕ್ಯಾಮೆರಾ ಒತ್ತಿದಳು. ಆ ಫೋಟೋದಲ್ಲಿ ಮುಕ್ಕಾಲು ಭಾಗ ನಬೋರನ ಕಿವಿ, ಮೂಲೆಯಲ್ಲೊಂದು ಮಸುಕು, ಮಸುಕಿನ ಮೇಲೆ ಬಿಳಿ ಚುಕ್ಕೆ.

ಒಲೆಯನ್ನು ನಬೋರನಿಗೆ ಒಪ್ಪಿಸಿ ನಾನೂ ಅವಳ ಜೊತೆ ಮನೆಗೆ ಹೋದೆ. ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಫಿದೆನ್ಸಿಯೊ ಕಿಟಕಿಯ ಪಕ್ಕ ಕೂತಿದ್ದ.

"ಕರ್ನಲ್?"

ಅವಳು ಪರದೆ ಹಿಡಿದಳು. ಅವನು ನಬೋರನ ಕಿವಿಯನ್ನು ಬಹಳ ಹೊತ್ತು ನೋಡಿ, ಇದೇನೆಂದು ಹುಬ್ಬು ಹಾರಿಸಿದ. ಅಷ್ಟು ಸಾಕಾಯಿತು. ದಾರ, ಜೇಬು, ಕಲ್ಲಿನಂಥ ಮೈ, ಒಂದನ್ನೂ ಬಿಡದೆ ಹೇಳಿದಳು. "ನಿಮ್ಮ ಕರ್ನಲ್ ಸತ್ತೇಹೋದ ಅಂದ್ಕೊಂಡೆ ಕಣ್ರೀ, ಇನ್ನು ನೀವೂ ಊಟ ಬಿಡ್ತೀರಲ್ಲ ಅಂತ ನನ್ನ ಜೀವಾನೇ ಹೋಗಿತ್ತು" ಎಂದು ಅವನ ಮಂಡಿಯ ಮೇಲೆ ತಲೆಯಿಟ್ಟಳು.

ಫಿದೆನ್ಸಿಯೊ ಮೊದಲು ನಕ್ಕ. "ನಿದ್ದೆ... ಚಳಿಗೆ... ಹಂಗೇ ಮಲಗ್ತವೆ. ಬಿಸಿಲಿಗೆ... ಏಳ್ತವೆ." ಆಮೇಲೆ ಅವನ ನಗು ನಿಂತಿತು. "ಊಟ... ಯಾಕೆ ಬಿಡ್ಲಿ?"

"ಆವತ್ತು ಮಳೇಲಿ ಬಿಟ್ಟಿರಲಿಲ್ವಾ? ಕರ್ನಲ್ ಬರ್ಲಿಲ್ಲ ಅಂತ?"

ಅವನು ತಲೆಯಲ್ಲಾಡಿಸಿದ. ಮಾತು ಹುಡುಕುವಾಗ ಅವನ ಹಣೆ ಬೆವರಿತು.

"ನೀನು... ನೆನೆದು ಬಂದೆ. ತುಟಿ... ನೀಲಿ. ಟವೆಲ್... ಬಲಗಡೆ ಪಕ್ಕದಲ್ಲೇ. ನಿನ್ನ ತಲೆ ಒರೆಸಕ್ಕೆ... ಬಲಗೈ ಏಳ್ಲಿಲ್ಲ. ಅದಕ್ಕೆ... ಊಟ ಸೇರ್ಲಿಲ್ಲ." ಉಸಿರು ತಗೊಂಡು ಮತ್ತೆ ಹೇಳಿದ, "ಕರ್ನಲ್ ಹೋದ್ರೆ... ಹೋಗ್ಲಿ ಕಣೆ. ನೀನು ಬಾ."

ನನಗೆ ತಡೆಯಲಾಗಲಿಲ್ಲ. "ಇಷ್ಟು ತಿಂಗಳು ಇದನ್ನ ಹೇಳಕ್ಕೇನಾಗಿತ್ತಪ್ಪಾ ನಿಂಗೆ? ಇವಳು ಚಳಿ ಮಳೆ ಅನ್ನದೆ ಅಲ್ಲಿ ಸಾಯ್ತಿದ್ಲು!" ಎಂದು ಕೂಗಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಅವನ ಎಡಗೈ ಅವಳ ಕೂದಲ ಮೇಲೆ ಓಡಾಡುತ್ತಿತ್ತು. ತಮಾಲೆ ಬಿಚ್ಚಿ ತಟ್ಟೆಗೆ ಹಾಕಿಟ್ಟು ನಾನು ಹೊರಗೆ ಬಂದೆ.

ಮರುದಿನ ಹಬ್ಬ. ಬಿಸಿಲು ಚೆನ್ನಾಗಿತ್ತು, ಕರ್ನಲ್ ಕೊಂಬೆಯ ತುದಿಯಲ್ಲಿ ಎದೆಯುಬ್ಬಿಸಿ ಕೂತಿದ್ದ. ಒಬ್ದುಲಿಯಾ ಬರಲಿಲ್ಲ. ಹೊತ್ತೇರುವವರೆಗೂ ಗಂಡನ ಪಕ್ಕದಲ್ಲಿ ಮಲಗಿ ನಿದ್ದೆ ಮಾಡಿದಳಂತೆ.