ಸೂಟ್‌ಕೇಸಿನಲ್ಲಿ ಬಂದ ಸ್ವಿಚ್ಚು

ನನ್ನ ಭಾಮೈದನಷ್ಟು ಓದಿಕೊಂಡ ದಡ್ಡನನ್ನು ನಾನು ಕಂಡಿಲ್ಲ. ಅವನನ್ನು ನಂಬಿದ ನಾನು ಅವನಿಗಿಂತ ಒಂದು ಕೈ ಮೇಲು.

ಐರ್ಲೆಂಡಿಗೆ ಬಂದ ಹೊಸತರಲ್ಲಿ ನಾನೂ ಹೆಂಡತಿಯೂ ಡನ್ ಲಿಯರಿಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದೆವು. ಗೋಡೆಯ ತುಂಬ ಬೂಷ್ಟು, ಹೀಟರು ಇದ್ದೂ ಇಲ್ಲದಂತೆ. ಅಂಥ ಜಿಪುಣ ಮನೆಯೊಡೆಯ ಭೂಮಿಯ ಮೇಲೆ ಇನ್ನೊಬ್ಬನಿಲ್ಲವೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಅವನಿಗೊಬ್ಬನಿಗೆ ಹೇಳಲಿಲ್ಲ. ಆಮೇಲೆ ನಮಗಿರಲು ಒಂದು ಮನೆಯಾಯಿತು, ಬಾಡಿಗೆಗೆ ಕೊಡಲು ಕ್ಲಾಂಡಾಲ್ಕಿನ್‌ನಲ್ಲಿ ಇನ್ನೊಂದು ಹಳೆಯ ಮನೆ. ‘ನಮ್ಮವರಿಗೇ ಕೊಡಬೇಕು’ ಎಂದು ದೊಡ್ಡ ಮನಸ್ಸು ಮಾಡಿ ಮೈಸೂರಿನ ಡಾಕ್ಟರ್ ದಂಪತಿಗೆ ಕೊಟ್ಟೆ. ಬಾಡಿಗೆಯಲ್ಲಿ ಒಂದು ಯೂರೋ ಬಿಡಲಿಲ್ಲ, ಉಪದೇಶವನ್ನು ಮಾತ್ರ ಪುಕ್ಕಟೆ ಕೊಟ್ಟೆ.

ಆ ಹುಡುಗಿಗೆ ಹೆರಿಗೆಯಾಗಿ, ಬಾಣಂತನಕ್ಕೆ ಅವಳ ತಾಯಿ ಮೈಸೂರಿನಿಂದ ಬಂದಿದ್ದರು. ಮಗುವಿಗೆ ಹತ್ತು ದಿನವಾಗಿದ್ದಾಗ ಗಂಡ ಫೋನ್ ಮಾಡಿದ.

“ಸರ್, ಇಮ್ಮರ್ಷನ್ ಆನ್ ಆಗ್ತಿಲ್ಲ. ಸ್ವಿಚ್ ಹತ್ರ ಸುಟ್ಟ ವಾಸನೆ ಬರ್ತಿದೆ.”

ಇಮ್ಮರ್ಷನ್ ಎಂದರೆ ಇಲ್ಲಿಯ ಗೀಸರು, ಮಹಡಿಯ ಬೀರುವಿನೊಳಗಿನ ನೀರಿನ ಟ್ಯಾಂಕು. ಆ ಮನೆಯಲ್ಲಿ ನಲ್ಲಿಗೆ ಬಿಸಿನೀರು ಬರಲು ಬೇರೆ ದಾರಿಯಿರಲಿಲ್ಲ. ಎಲೆಕ್ಟ್ರಿಷಿಯನ್ ಒಬ್ಬ ಬಂದು ನೋಡುವುದಕ್ಕೇ ಕೇಳಿದ ದುಡ್ಡಿಗೆ ನನ್ನ ಎದೆ ಧಸಕ್ಕೆಂದಿತು. ಆಗ ಎದ್ದು ನಿಂತವನು ಇಲ್ಲೇ ಕೆಲಸದಲ್ಲಿದ್ದ ಭಾಮೈದ. ಅವನದು ಎಲೆಕ್ಟ್ರಿಕಲ್ ಬಿಇ. ಆದರೆ ಹದಿನೈದು ವರ್ಷಗಳಿಂದ ಕೀಬೋರ್ಡು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ.

“ಭಾವ, ಇದಕ್ಕೆಲ್ಲ ಅಷ್ಟು ಕೊಡ್ತಾರಾ? ಎರಡು ವೈರು, ಒಂದು ಸ್ವಿಚ್ಚು. ಅರ್ಧ ಗಂಟೆ ಕೆಲಸ.”

ನಾವು ಬೆಂಗಳೂರಿಗೆ ಹೋದಾಗಲೆಲ್ಲ ಸೂಟ್‌ಕೇಸಿನಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟಿನಿಂದ ಹಿಡಿದು ಪೊರಕೆಯವರೆಗೆ ತುಂಬಿಕೊಂಡು ಬರುವ ಜನ. ಅವನು ಸ್ವಿಚ್ಚುಗಳನ್ನೂ ತಂದಿಟ್ಟಿದ್ದ. ಅದರಲ್ಲೊಂದನ್ನು ಹಾಕಹೋದರೆ ಇಲ್ಲಿಯ ಗೋಡೆಯ ಡಬ್ಬಿಗೆ ಸರಿಯಾಗಿ ಕೂರಲಿಲ್ಲ. ಸುತ್ತ ಟೇಪು ಸುತ್ತಿ, ಎದೆಯುಬ್ಬಿಸಿ ಕೆಳಗಿಳಿದ. ನಾನು ಬೆನ್ನು ತಟ್ಟಿದೆ. ನಾಲ್ಕು ದಿನ ಬಿಟ್ಟು ‘ಬಿಸಿನೀರು ಸರಿಯಾಗಿದೆಯಾ?’ ಎಂದು ಮೆಸೇಜು ಮಾಡಿದರೆ, ‘ಗ್ರ್ಯಾಂಡ್ ಸರ್’ ಎಂದು, ಎಲ್ಲ ಸರಿಯಿದೆ ಎನ್ನಲು ಇಲ್ಲಿಯವರು ಬಳಸುವ ಮಾತಿನಲ್ಲೇ ಗಂಡನ ಉತ್ತರ ಬಂತು. ಆ ವಾರ ಗೆಳೆಯರ ಮನೆಯ ಊಟದಲ್ಲಿ ಬಾಡಿಗೆ ಮನೆಯ ಖರ್ಚು ಉಳಿಸುವುದು ಹೇಗೆಂದು ಗಂಟೆಗಟ್ಟಲೆ ಕೊರೆದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೂರು ವಾರದ ಮೇಲೆ ಒಂದು ಶನಿವಾರ ಬೆಳಿಗ್ಗೆ ಮಗು ನೋಡಿಬರೋಣವೆಂದು ಫ್ರಾಕು ಹಿಡಿದುಕೊಂಡು ಹೋದೆ. ಆ ಹುಡುಗಿಯ ಗಂಡ ಬಾಗಿಲು ತೆಗೆದ. ಅವನ ಹಿಂದೆ, ಅರವತ್ತು ದಾಟಿದ ಅವನ ಅತ್ತೆ, ಹಬೆಯಾಡುವ ನೀರಿನ ಪಾತ್ರೆಯನ್ನು ಮಸಿಬಟ್ಟೆಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ನನ್ನನ್ನು ಕಂಡು ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟರು.

“ಬಾಪ್ಪಾ, ಬಂದು ನೋಡು ನಿಮ್ ಸ್ವಿಚ್ಚನ್ನ. ಎರಡನೇ ದಿನಾನೇ ಕರಗಿಹೋಯ್ತು.”

ಬೀರುವಿನೊಳಗೆ ಸ್ವಿಚ್ಚು ಪಾಕ ಕೆಟ್ಟ ಬೆಲ್ಲದಂತೆ ಕಪ್ಪಾಗಿ ಇಳಿಬಿದ್ದಿತ್ತು. ಅಳಿಯ ನೆಲ ನೋಡುತ್ತಾ, ಬೆಂಕಿ ಹತ್ತದಿರಲೆಂದು ಆ ಲೈನಿನ ಫ್ಯೂಸು ತೆಗೆದಿಟ್ಟಿದ್ದೇನೆ ಎಂದ.

“ಬಾಣಂತಿಗೆ, ಮಗೂಗೆ, ದಿನಾ ಎಂಟು ಪಾತ್ರೆ ಹೊರ್ತೀನಿ,” ಅಂದರು ಆಕೆ. “ನಿನ್ನೆ ಕಾಲು ಜಾರ್ತು. ನೀರು ಮೆಟ್ಟಿಲ ಮೇಲೆ ಚೆಲ್ತು, ಮೈಮೇಲೆ ಬೀಳ್ಲಿಲ್ಲ, ಪುಣ್ಯ. ನಿಮ್ಮನೇಲಿ ಬಾಣಂತಿ ಇದ್ದಿದ್ರೂ ಇದನ್ನೇ ಹಾಕಿಸ್ತಿದ್ಯಾ?”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅಲ್ಲೇ ನಿಂತು, ಮೊದಲು ಬೇಡವೆಂದಿದ್ದ ಎಲೆಕ್ಟ್ರಿಷಿಯನ್‌ಗೇ ಫೋನ್ ಮಾಡಿದೆ. ಮಧ್ಯಾಹ್ನ ಬಂದ. ಸ್ಕ್ರೂ ಬಿಗಿಯಾಗಿಲ್ಲದೆ ವೈರು ಒಳಗಿನವರೆಗೂ ಬೆಂದಿದೆ, ಪೂರ್ತಿ ಬದಲಿಸಬೇಕು ಎಂದ. ಕೇಳಿದಷ್ಟಕ್ಕೆ ತಲೆಯಾಡಿಸಿದೆ. ಇದನ್ನು ಹಾಕಿದ್ದು ಯಾರೆಂದು ಕೇಳಿದ. ಒಬ್ಬ ಇಂಜಿನಿಯರ್ ಎಂದೆ. ಅವನು ನಗಲೂ ಇಲ್ಲ.

ಹೆದರಿಕೊಂಡು ಸುಮ್ಮನಿರುವಂಥದ್ದೇನಿತ್ತು, ಒಂದು ಮಾತು ಹೇಳಬಾರದಿತ್ತೇ ಎಂದು ಅಳಿಯನ ಮೇಲೆ ರೇಗಬೇಕೆನಿಸಿತು. ಅಷ್ಟರಲ್ಲಿ ಬಾಣಂತಿಯ ಕೋಣೆಯಿಂದ ಪಿಸುಮಾತು ಕೇಳಿಸಿತು.

“ಅಮ್ಮಾ, ಸುಮ್ನಿರು. ಅವರಿಗೆ ಸಿಟ್ಟು ಬಂದ್ರೆ ಮನೆ ಖಾಲಿ ಮಾಡಿ ಅಂತಾರೆ. ಇಲ್ಲಿ ಬಾಡಿಗೆಗೆ ಮನೇನೇ ಸಿಗಲ್ಲ, ಆಮೇಲೆ ಎಲ್ಲಿಗೆ ಹೋಗೋದು?”

ಡನ್ ಲಿಯರಿಯ ಬೂಷ್ಟು ಹಿಡಿದ ಕೋಣೆಯಲ್ಲಿ ನನ್ನ ಹೆಂಡತಿಗೆ ನಾನು ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದೆ.