ಬ್ಯಾರನ್ ಗೋಡೆಯ ಕಿಂಡಿ

ತವರಿನಿಂದ ಬಳುವಳಿ ಅಂತ ಹಸು ಹೊಡ್ಕೊಂಡು ಬರೋದು ನಮ್ಮ ಕಡೆ ವಾಡಿಕೆ. ನಾನು ಕುದುರೆ ಹಿಡ್ಕೊಂಡು ಬಂದೆ.

ನಮ್ಮಪ್ಪ ಕೃಷ್ಣರಾಜನಗರದಲ್ಲಿ ಜಟಕಾ ಓಡಿಸ್ತಿದ್ದ. ಆಟೋಗಳು ಬಂದು ಜಟಕಾ ಸ್ಟ್ಯಾಂಡು ಖಾಲಿಯಾದ ಮೇಲೂ ಕುದುರೆ ಮಾರಲಿಲ್ಲ. ನನ್ನ ಮದುವೆಯಾದಾಗ, "ಕೊಡೋಕೆ ನಂತಾವ ಹಸ ಇಲ್ಲ ಕಣವ್ವ, ಇರೋಳು ಇವಳೇ, ಕರ್ಕೊಂಡೋಗು" ಅಂತ ಹಗ್ಗ ನನ್ನ ಕೈಗೆ ಕೊಟ್ಟ. ಕಟ್ಟೆಮಳಲವಾಡಿ ದಾಟಿ, ಹುಣಸೂರು ದಾಟಿ, ನಮ್ಮ ಅತ್ತೆ ಮನೆ ಬಾಗಿಲಿಗೆ ಬಂದು ನಿಂತಾಗ ಆರತಿ ತಟ್ಟೆ ಹಿಡಿದಿದ್ದ ಹೆಂಗಸರು ನನ್ನ ಬಿಟ್ಟು ಕುದುರೇನೇ ನೋಡ್ತಿದ್ರು. ಮುಖ ಊದಿಸಿಕೊಂಡಿದ್ದವರು ಒಬ್ಬರೇ, ನಮ್ಮ ಬಾವ. ನನ್ನ ಗಂಡನ ಅಣ್ಣ. ಮನೆ, ಜಮೀನು, ಹೊಗೆಸೊಪ್ಪಿನ ಬ್ಯಾರನ್ನು ಎಲ್ಲದರ ಯಜಮಾನಿಕೆ ಅವರದೇ.

"ಹಾಲು ಕರೆಯಂಗಿಲ್ಲ, ನೇಗಿಲು ಕಟ್ಟಂಗಿಲ್ಲ. ಇದು ಬಳುವಳಿ ಅಲ್ಲ, ದಂಡ. ಏಳು ಅವಳಿಗೆ" ಅಂದ್ರು, ನಾನು ಅಕ್ಕ ಅಂತ ಕರೆಯೋ ಅವರ ಹೆಂಡತಿಗೆ.

ಈ "ಏಳು ಅವಳಿಗೆ", ಅಂದ್ರೆ "ಹೇಳು ಅವಳಿಗೆ", ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ತಮ್ಮನ ಹೆಂಡತಿ ಬಾವನ ಎದುರಿಗೆ ನಿಂತು ಮಾತಾಡಂಗಿಲ್ಲ, ಬಾವನೂ ಅವಳನ್ನ ನೇರ ಮಾತಾಡಿಸಂಗಿಲ್ಲ. ಬೇರೆ ಮನೆಗಳಲ್ಲಿ ಇದೆಲ್ಲ ಯಾವತ್ತೋ ಹೋಗಿದೆ. ನಮ್ಮ ಬಾವ ಮಾತ್ರ ಗಟ್ಟಿಯಾಗಿ ಹಿಡ್ಕೊಂಡಿದ್ರು. ಅಕ್ಕ ಇದ್ರೆ ಅಕ್ಕನಿಗೆ ಹೇಳೋರು, ಅಕ್ಕ ಇಲ್ಲದಿದ್ರೆ ಕಂಬಕ್ಕೆ ಹೇಳೋರು. ನಾನೂ ಕಮ್ಮಿಯವಳಲ್ಲ. "ಅಕ್ಕಾ, ಏಳು ಅವರಿಗೆ, ದಂಡ ಕಟ್ಟೋರು ನಾವೇ, ಅವರ ಗಂಟೇನು ಹೋಗಲ್ಲ ಅಂತ" ಅಂದೆ, ಬಂದ ವಾರದಲ್ಲೇ. ಪಾಪ, ನಡುವೆ ಸಿಕ್ಕ ಅಕ್ಕ ರೊಟ್ಟಿ ತಟ್ಟುತ್ತಾ ಕೂತಿದ್ದಳು.

ಆ ಕುದುರೇನ ನಾನು ಮದುವೆ ಮೆರವಣಿಗೆಗೆ ಹಿಡಿದೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಎಲ್ಲಿ ಕರೆದ್ರೂ ಹೋದೆ. ಹೆಂಗಸು ಲಗಾಮು ಹಿಡಿದು ಬ್ಯಾಂಡ್ ಸೆಟ್ಟಿನ ಮುಂದೆ ನಡೀತಾಳಲ್ಲ ಅಂತ ಮೂಗಿನ ಮೇಲೆ ಬೆರಳಿಟ್ಟರು. ಇಟ್ಟುಕೊಳ್ಳಲಿ, ಅವರ ಮೂಗು, ಅವರ ಬೆರಳು. ಆ ಕುದುರೆ ಮುದುಕಿಯಾಗಿ ಹೋದ ಮೇಲೆ ಅವಳ ಮಗಳು ಬಂದಳು. ಈಗ ನಾನು ಹೇಳೋದು ಈ ಮಗಳ ವಿಷಯ. ಅವಳಿಗೂ ವಯಸ್ಸಾಗ್ತಾ ಬಂದಿತ್ತು, ಎಷ್ಟೋ ವರ್ಷ ಗಬ್ಬ ನಿಂತಿರಲಿಲ್ಲ. ಮೈಸೂರಿನ ಟಾಂಗಾದವರ ಗಂಡು ಕುದುರೆಗೆ ಬಿಟ್ಟು ಕಡೆಗೂ ಗಬ್ಬ ಆಗಿದ್ದಳು. ಆ ಡಿಸೆಂಬರಿನಲ್ಲಿ ಹೊಟ್ಟೆ ತುಂಬಿ ಬಂದಿತ್ತು. ಅವಳಿಗೇನಾದ್ರೂ ಆದ್ರೆ ನಮ್ಮಪ್ಪ ಕೊಟ್ಟ ಬಳುವಳಿ ಅಲ್ಲಿಗೆ ಮುಗೀತು. ನಮ್ಮಪ್ಪನೂ ಇರಲಿಲ್ಲ, ಇನ್ನೊಂದು ಕೊಡೋಕೆ.

ನಮ್ಮ ಕಡೆ ಹಿಮ ಬೀಳಲ್ಲ, ನಿಜ. ಆದ್ರೆ ಡಿಸೆಂಬರಿನಲ್ಲಿ ಮದರಾಸಿನ ಕಡೆ ಸೈಕ್ಲೋನ್ ಎದ್ದರೆ ಅದರ ಬಾಲ ನಮ್ಮ ಮೇಲೆ ಬೀಳ್ತದೆ. ಆಷಾಢದ ಮಳೆ ಆದರೆ ಬಂದು ಹೋಗ್ತದೆ. ಇದು ಹೋಗಲ್ಲ. ಸೂರ್ಯ ಕಾಣಲ್ಲ, ಜಡಿ ಬಿಡಲ್ಲ, ಮೂಡ್ಲ ಕಡೆಯಿಂದ ಥಂಡಿ ಗಾಳಿ ಮೂಳೆ ಕೊರೀತದೆ. ಕುರಿ, ಮೇಕೆ ಸಾಯೋದು ಇಂಥ ದಿನಗಳಲ್ಲೇ.

ನಮ್ಮಪ್ಪ ಹೇಳ್ತಿದ್ದ: "ಕುದುರೆ ಚಳಿಗೆ ಸಾಯಲ್ಲ ಕಣವ್ವ. ನೆಂದ ಬೆನ್ನಿಗೆ ಗಾಳಿ ಹೊಡೆದ್ರೆ ಸಾಯ್ತದೆ, ಇಲ್ಲಾ ಉಸುರು ಕಟ್ಟಿದ್ರೆ ಸಾಯ್ತದೆ." ಬೆನ್ನು ಒಣಗಿರಬೇಕು, ಮೂಗಿಗೆ ಗಾಳಿ ಇರಬೇಕು, ಬಾಯಲ್ಲಿ ಹುಲ್ಲಿರಬೇಕು. ಹುಲ್ಲು ಜಗೀತಾ ಇದ್ದರೆ ಹೊಟ್ಟೆ ಒಳಗೇ ಒಲೆ ಉರೀತಿರ್ತದಂತೆ. ಮಂಜಿನಂಥ ನೀರು ಕಂಡ್ರೆ ಕುಡಿಯಲ್ಲ, ಕುಡೀದಿದ್ರೆ ಹೊಟ್ಟೆ ಕಟ್ಟಿ ಶೂಲೆ ಬರ್ತದೆ. ಅದಕ್ಕೇ ಉಗುರುಬೆಚ್ಚಗಿನ ನೀರು ಇಡಬೇಕು. ಇಷ್ಟೇ ಅವನ ವಿದ್ಯೆ, ಇಷ್ಟೇ ನನ್ನದೂ.

ಮಳೆ ಹಿಡಿದ ಮಾರನೇ ಬೆಳಿಗ್ಗೆ ಗಾಳಿ ನನ್ನ ಕುದುರೆ ಕೊಟ್ಟಿಗೆಯ ಶೀಟುಗಳನ್ನ ಕಿತ್ತು ಪಕ್ಕದ ಜೋಳದ ಹೊಲಕ್ಕೆ ಎಸೀತು. ನನ್ನ ಗಂಡ ಲಾರಿ ತಗೊಂಡು ಕೇರಳಕ್ಕೆ ಹೋಗಿದ್ರು. ಹಸುಗಳ ಕೊಟ್ಟಿಗೇಲಿ ಹಸುಗಳಿಗೇ ಜಾಗ ಸಾಲದು. ಒಣಗಿರೋ ಜಾಗ ಅಂತ ಇದ್ದದ್ದು ಒಂದೇ, ಬ್ಯಾರನ್ನು. ಹೊಗೆಸೊಪ್ಪು ಬೇಯಿಸೋ ಇಟ್ಟಿಗೆ ಮನೆ. ಸೀಸನ್ ಮುಗಿದು, ಬೆಂಕಿ ಹಾಯೋ ಕೊಳವೆಗಳನ್ನ ಬಿಚ್ಚಿ ಮೂಲೆಗೆ ಒಟ್ಟಿದ್ರು. ನೆಲ ಬೂದಿ ಒಣಗಿದಂಗೆ ಒಣಗಿತ್ತು. ಯಾರನ್ನೂ ಕೇಳಲಿಲ್ಲ. ಕೇಳಿದ್ರೆ ಬೇಡ ಅಂತಾರೆ, ಬೇಡ ಅಂದ ಮೇಲೆ ಒಳಗೆ ಕಟ್ಟಿದ್ರೆ ಅದು ಜಗಳ. ಕೇಳದೆ ಕಟ್ಟಿದ್ರೆ ಬರೀ ಗಲಾಟೆ. ಕಟ್ಟಿದೆ.

ಗಲಾಟೆ ಆಯ್ತು. ನಮ್ಮ ಬ್ಯಾರನ್ನಿಗೆ ಚಪ್ಪಲಿ ಹಾಕ್ಕೊಂಡು ಯಾರೂ ಹೋಗಂಗಿಲ್ಲ. ವರ್ಷದ ಮೊದಲ ಬೆಂಕಿಗೆ ಬಾವ ಸ್ನಾನ ಮಾಡಿ, ಕಾಯಿ ಒಡೆದು ಕಡ್ಡಿ ಗೀರೋರು. ಅನ್ನ ಕೊಡೋ ಜಾಗ ಅಂತ ಅವರಿಗೆ ಭಕ್ತಿ.

"ಮನುಷರು ಬರಿಗಾಲಲ್ಲಿ ಓಯ್ತೀವಿ, ಇದು ನಾಕು ಕಾಲಿಗೂ ಲಾಳ ಹೊಡಸ್ಕೊಂಡು ನಿಂತದೆ! ಏಳು ಅವಳಿಗೆ, ಆಚೆ ಹೊಡಿ ಅಂತ" ಬಾವ ಅಂಗಳದಿಂದ ಕೂಗಿದ್ರು.

"ಅಕ್ಕಾ, ಏಳು ಅವರಿಗೆ, ಲಾಳ ಬಿಚ್ಚಿ ಬಾಗ್ಲಲ್ಲಿ ಬಿಡೋಕೆ ಅವಳಿಗೆ ಬಗ್ಗೋಕಾಗಲ್ಲ, ಹೊಟ್ಟೆ ಬಂದದೆ ಅಂತ."

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದಳು. ಬಾವ ಮುಖ ಕೆಂಪು ಮಾಡ್ಕೊಂಡು ಜಗಲಿ ಮೇಲೆ ಕೂತರು. ಕುದುರೆ ಬ್ಯಾರನ್ನಲ್ಲೇ ಉಳೀತು. ಮೂಡ್ಲ ಬಾಗಿಲು ಅರ್ಧ ತೆರೆದು, ಅದಕ್ಕೆ ಗೋಣಿತಾಟು ಇಳಿಬಿಟ್ಟೆ, ಎರಚಲು ಬರಬಾರದು, ಗಾಳಿ ಆಡಬೇಕು ಅಂತ. ರಾಗಿ ಹುಲ್ಲು ಹಾಕಿದೆ. ಮೆಲ್ಲಗೆ ಜಗಿಯೋಕೆ ಶುರು ಮಾಡಿದಳು. ಆ ಸದ್ದು ಕೇಳಿದ್ರೆ ನನಗೂ ಹೊಟ್ಟೆ ತುಂಬ್ತದೆ.

ಮಾರನೇ ದಿನ ಬೂಸಾ ಮುಗಿದಿತ್ತು, ಶೂಲೆ ಔಷಧಿಯೂ ಒಂದು ಇರಲಿ ಅಂತ ಬಸ್ ಹತ್ತಿ ಹುಣಸೂರಿಗೆ ಹೋದೆ. ಮಧ್ಯಾಹ್ನ ಕಳೆದು ವಾಪಸ್ಸು ಬಂದಾಗ ದೂರದಿಂದಲೇ ಕಾಣಿಸ್ತು. ಬ್ಯಾರನ್ ಬಾಗಿಲು ಪೂರಾ ಮುಚ್ಚಿತ್ತು. ಹೆಂಚಿನ ಸಂದಿಯಿಂದ ಹೊಗೆ ಬರ್ತಿತ್ತು.

ಬೂಸಾ ಚೀಲ ಅಂಗಳದಲ್ಲೇ ಬಿಸಾಕಿ ಓಡಿದೆ.

ಬಾಗಿಲ ಹತ್ತಿರ ಬಾವ ಟವೆಲ್ ತಲೆಗೆ ಸುತ್ಕೊಂಡು ನಿಂತಿದ್ರು. ಮುಖದಲ್ಲಿ ಏನೋ ಒಂಥರಾ ಸಮಾಧಾನ. ಕಂಬ ಹತ್ತಿರ ಇರಲಿಲ್ಲ, ಬಾಗಿಲಿಗೇ ಹೇಳಿದ್ರು: "ಗಡಗಡ ನಡುಗ್ತಿತ್ತು. ಬೆಚ್ಚಗೆ ಮಾಡಿವ್ನಿ. ಏಳು ಅವಳಿಗೆ."

ಅವರು ಮಾಡಿದ್ದು ನಮ್ಮೂರಲ್ಲಿ ಯಾರಾದ್ರೂ ಮಾಡೋದೇ. ಥಂಡಿ ಬಂದ್ರೆ, ಸೊಳ್ಳೆ ಬಂದ್ರೆ ಕೊಟ್ಟಿಗೆಗೆ ಹೊಗೆ ಹಾಕ್ತೀವಿ. ಕೆಂಡದ ಬಾಣಲಿ ಇಟ್ಟು, ಮೇಲೆ ಬೆರಣಿ, ಬೇವಿನ ಸೊಪ್ಪು. ಹಸುಗಳು ಸಂದಿ ಗೊಂದಿ ಇರೋ ಕೊಟ್ಟಿಗೇಲಿ ನಿಂತು ತಡ್ಕೋತವೆ. ಆದ್ರೆ ಬ್ಯಾರನ್ ಕೊಟ್ಟಿಗೆ ಅಲ್ಲ. ಉಸಿರು ಆಚೆ ಹೋಗಬಾರದು ಅಂತಲೇ ಕಟ್ಟಿದ ಮನೆ ಅದು. ಬಾವ ಎರಡು ಬಾಣಲಿ ಕೆಂಡ ಇಟ್ಟು, ಕೆಳಗಿನ ಗಾಳಿಗಂಡಿಗಳಿಗೆ ನೀರು ನುಗ್ಗದಂಗೆ ಮಣ್ಣು ಮೆತ್ತಿ, ಹೊಗೆಸೊಪ್ಪಿನ ಸಸಿ ಮಡಿಗೆ ಹಾಕೋ ಪ್ಲಾಸ್ಟಿಕ್ ಹಾಳೆ ತಂದು ಕುದುರೆ ಬೆನ್ನಿಗೆ ಸುತ್ತಿ ಹಗ್ಗ ಬಿಗಿದಿದ್ರು. ದ್ವೇಷಕ್ಕಲ್ಲ. ಪ್ರೀತಿಯಿಂದ ಅಂತ ಅವರ ಬಾಯಲ್ಲಿ ಬರಲ್ಲ, ನಾನೇ ಹೇಳ್ತೀನಿ.

ಒಳಗೆ ಕಣ್ಣು ಬಿಡೋಕಾಗಲಿಲ್ಲ. ಪ್ಲಾಸ್ಟಿಕ್ ಕೆಳಗೆ ಕುದುರೆ ಬೆವರಿನಲ್ಲಿ ತೊಯ್ದು ಹೋಗಿದ್ದಳು. ಮೂಗಿನ ಹೊಳ್ಳೆ ಅರಳಿಸಿ ಉಸಿರು ಎಳೀತಿದ್ದಳು, ಕೆಮ್ಮಿದಾಗೆಲ್ಲ ಆ ದೊಡ್ಡ ಹೊಟ್ಟೆ ಅಲ್ಲಾಡ್ತಿತ್ತು. ಬಾಣಲಿಗಳನ್ನ ಎಳೆದು ಆಚೆ ಒಗೆದೆ, ಹಾಳೆ ಕಿತ್ತೆ. ಬಾಗಿಲು ತೆಗೆದ್ರೆ ಮೂಡ್ಲ ಗಾಳಿ ಗೋಣಿತಾಟನ್ನೂ ಹಾರಿಸಿ, ಮಳೆ ಎರಚಲು ಸಮೇತ ನೇರ ಆ ಬೆವತ ಮೈಗೇ ಹೊಡೀತಿತ್ತು. ಮುಚ್ಚಿದ್ರೆ ಹೊಗೆ. ಕೆಳಗಿನ ಗಂಡಿಗಳ ಮಣ್ಣು ಬಿಡಿಸಿದ್ರೂ ಮೇಲೇರಿದ ಹೊಗೆ ಇಳಿಯಲ್ಲ. ಮೇಲಿನ ಗವಾಕ್ಷಿಯ ತಂತಿ ಎಳೆದೆ, ತುಕ್ಕು ಹಿಡಿದು ಕಚ್ಕೊಂಡಿತ್ತು, ಅಲುಗಲಿಲ್ಲ. ಆಚೆ ಕರ್ಕೊಂಡು ಹೋಗೋಣ ಅಂದ್ರೆ ಆಚೆ ಎಲ್ಲಿಗೆ?

ಗಾಳಿ ಬೀಸದೆ ಇದ್ದದ್ದು ಪಡುವಲ ಗೋಡೆ ಕಡೆ ಮಾತ್ರ. ಬಾಗಿಲು ಎಳೆದು, ಮೂಲೇಲಿದ್ದ ಹಾರೆ ತಗೊಂಡೆ.

ಮೊದಲನೇ ಏಟಿಗೆ ಗಾರೆ ಉದುರಿತು. ಎರಡನೇದಕ್ಕೆ ಇಟ್ಟಿಗೆ ಅಲ್ಲಾಡಿತು. ಬಾವ ಒಳಗೆ ನುಗ್ಗಿದ್ರು. ಚಪ್ಪಲಿ ಹಾಕ್ಕೊಂಡೇ ನುಗ್ಗಿದ್ರು.

"ಏಯ್! ತಲೆಗಿಲೆ ಕೆಟ್ಟದಾ ನಿಂಗೆ? ಬ್ಯಾರನ್ ಒಡೀತೀಯಾ? ಮನೆ ಅನ್ನದ ತಟ್ಟೆಗೆ ಹಾರೆ ಹಾಕ್ತೀಯಲ್ಲ!"

ಅಷ್ಟು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ನಾನೂ ಅವರ ಮುಖ ನೋಡಿದೆ. ಸೆರಗೂ ಎಳ್ಕೊಳ್ಳಲಿಲ್ಲ.

"ಹೂಂ, ಒಡೀತೀನಿ! ಗೋಡೆ ಬೇಕಾದ್ರೆ ಕಟ್ಕೋಬೋದು ಬಾವ. ಇವಳನ್ನ ಕಟ್ಟಿಕೊಡ್ತೀರಾ? ಹೊಟ್ಟೇಲಿರೋದನ್ನ ಕಟ್ಟಿಕೊಡ್ತೀರಾ? ನಿಮಗೆ ಇವಳು ದಂಡ. ನನಗೆ ಇವಳು ನಮ್ಮಪ್ಪ. ಸರೀರಿ ಆಚೆಗೆ!"

ಸರಿದ್ರು. ನಾನು ಹೊಡೆದೆ. ಸಿಟ್ಟಿಗೆ ಹೊಡೆದೆ, ಹೆದರಿಕೆಗೆ ಹೊಡೆದೆ, ಇಷ್ಟು ವರ್ಷ ಕಂಬಕ್ಕೆ ಹೇಳಿ ನನಗೆ ಕೇಳಿಸಿದ ಮಾತಿಗೆಲ್ಲ ಸೇರಿಸಿ ಹೊಡೆದೆ. ಕುದುರೆ ತಲೆ ಎತ್ತರಕ್ಕೆ ಒಂದು ಮಂಕರಿಯಷ್ಟು ಅಗಲದ ಕಿಂಡಿ ಬಿತ್ತು. ಒಳಗಿದ್ದ ಹೊಗೆ ಅಲ್ಲಿಂದ ಆಚೆಗೆ ಹರಿದು ಹೋಯ್ತು. ಅವಳು ತಾನಾಗೇ ಬಂದು ಕತ್ತು ಚಾಚಿ, ಮೂಗು ಆಚೆಗೆ ಇಟ್ಟು ನಿಂತಳು.

ಕೆಲಸ ಮುಗಿದಿರಲಿಲ್ಲ. ಒಣಹುಲ್ಲು ಮುದ್ದೆ ಮಾಡಿ ಮೈ ತಿಕ್ಕೋಕೆ ಶುರು ಮಾಡಿದೆ. ಬೆನ್ನು, ಪಕ್ಕೆ, ತೊಡೆ. ಹುಲ್ಲು ಒದ್ದೆಯಾದ್ರೆ ಬಿಸಾಕು, ಬೇರೆ ತಗೋ. ನನ್ನ ಕೈ ಸೋತು ಬಂದಾಗ ನೋಡ್ತೀನಿ, ಆ ಪಕ್ಕ ಅಕ್ಕ ತಿಕ್ತಿದ್ದಾಳೆ. ಅದುವರೆಗೆ ಕುದುರೆ ಹತ್ತಿರ ಸುಳಿದವಳಲ್ಲ. "ಒದ್ದುಬುಟ್ರೆ ನಿನ್ನ ಮೇಲೇ ಬೀಳ್ತೀನಿ ನೋಡು" ಅಂತ ನನ್ನನ್ನ ಗದರಿಸ್ಕೊಂಡೇ ತಿಕ್ಕಿದಳು. ಮೈ ಒಣಗಿದ ಮೇಲೆ ಗೋಣಿತಾಟು ಹೊದಿಸಿದ್ವಿ. ಬೆಚ್ಚನೆ ನೀರಿಗೆ ಉಪ್ಪು, ಬೆಲ್ಲ ಕದಡಿ ಇಟ್ಟೆ. ಮೂಸಿ ನೋಡಿ ಮುಖ ತಿರುಗಿಸಿದಳು. ಹುಲ್ಲು ಮುಟ್ಟಲಿಲ್ಲ. ತಿರುಗಿ ತಿರುಗಿ ತನ್ನ ಹೊಟ್ಟೇನೇ ನೋಡ್ಕೊಳ್ತಿದ್ದಳು.

ಶೂಲೆ ಶುರುವಾಗೋದು ಹಂಗೇ. ಪಕ್ಕೆಗೆ ಕಿವಿ ಇಟ್ಟೆ, ಒಳಗೆ ಗುಡುಗುಡು ಸದ್ದಿಲ್ಲ. ಔಷಧಿ ಕುಡಿಸಿದೆ. ಕುದುರೆ ಲದ್ದಿ ಹಾಕಿದ್ರೆ ಉಳೀತು, ಇಲ್ಲದಿದ್ರೆ ಇಲ್ಲ. ನಗಬೇಡಿ, ಒಂದು ಹಿಡಿ ಲದ್ದಿಗೆ ನಾನು ಅವತ್ತು ಹೊತ್ತುಕೊಂಡಷ್ಟು ಹರಕೆ ಮಕ್ಕಳಾಗಲಿ ಅಂತಲೂ ಹೊತ್ತಿರಲಿಲ್ಲ. ಬ್ಯಾರನ್ ಒಳಗೇ ಸುತ್ತು ಹಾಕಿಸಿದೆ, ನಿಲ್ಲಿಸಿದೆ, ಮತ್ತೆ ಸುತ್ತು ಹಾಕಿಸಿದೆ. ಬಾವ ಬಾಗಿಲಲ್ಲಿ ಗೋಣಿ ತಲೆಗೆ ಹಾಕ್ಕೊಂಡು ನಿಂತೇ ಇದ್ರು. ಯಾವಾಗಲೋ ಚಪ್ಪಲಿ ಆಚೆ ಬಿಟ್ಟು ಬಂದಿದ್ರು. ಕೆಂಡ ಇಟ್ಟ ಕೈಗಳನ್ನ ಏನು ಮಾಡಬೇಕು ಅಂತ ಗೊತ್ತಾಗದೆ ಒಂದಕ್ಕೊಂದು ಉಜ್ಜಿಕೊಳ್ತಿದ್ರು.

ದೀಪ ಹಚ್ಚೋ ಹೊತ್ತಿಗೆ ಬಾಲ ಎತ್ತಿದಳು.

"ಹಾಕ್ತು! ಲದ್ದಿ ಹಾಕ್ತು ಕಣ್ರೀ!" ಅಂತ ಕೂಗಿದ್ದು ಅಕ್ಕ. ಕೇರಿಗೆಲ್ಲ ಕೇಳಿಸೋ ಹಂಗೆ ಕೂಗಿದಳು. ನಾನು ಹೊಟ್ಟೆ ಕೆಳಗೆ ಅಂಗೈ ಇಟ್ಟು ಕಾದೆ. ಒಳಗಿನಿಂದ ಒಂದು ಒದೆ ಬಂತು. ಅಲ್ಲೇ ಹುಲ್ಲಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಬಾವ ಇದ್ದಾರೆ ಅಂತ ನೋಡಲಿಲ್ಲ.

ಆಮೇಲೆ ಊರು ಸುಮ್ನೆ ಬಿಡ್ತದಾ? "ಕುದುರೆಗೋಸ್ಕರ ಬ್ಯಾರನ್ ಒಡೆದೋಳು" ಅಂತ ಹೆಸರಾಯ್ತು. ಗಾವಡಗೆರೆ ಸಂತೇಲೂ ಒಬ್ಬ ಕೇಳಿದ, "ಏನಕ್ಕ, ಗೋಡೆ ಒಡೆದ್ಯಂತೆ?" ಅಂತ. "ಹೂಂ ಕಣಪ್ಪ, ನಿಮ್ಮನೇದೂ ಒಡೀಬೇಕಾ?" ಅಂದೆ. ಬಾವ ಹಳೇ ಪದ್ಧತಿಗೆ ವಾಪಸ್ಸು ಹೋದ್ರು. ಅದೊಂದು ದಿನ ಬಿಟ್ಟರೆ ಮತ್ತೆ ಅಕ್ಕ, ಇಲ್ಲವೇ ಕಂಬ. ಬೇಸಿಗೆ ಹತ್ತಿರ ಬರುವಾಗ ಹೆಣ್ಣು ಮರಿ ಹುಟ್ಟಿತು. ಹಣೇಲಿ ಬಿಳೀ ಬೊಟ್ಟು, ನಮ್ಮಪ್ಪ ಕೊಟ್ಟವಳಿಗೆ ಇದ್ದಂಗೇ. ಬಾವ ಬಂದು ನೋಡಿದ್ರು. "ಇನ್ನೊಂದು ದಂಡ" ಅಂತ ಕಂಬಕ್ಕೆ ಹೇಳಿ ಹೋದ್ರು.

ಸೊಪ್ಪು ಬೇಯಿಸೋ ಕಾಲ ಬಂತು. ತೂತಿರೋ ಬ್ಯಾರನ್ನಲ್ಲಿ ಸೊಪ್ಪು ಬೇಯಲ್ಲ. ಗಾರೆಯವರನ್ನ ಕರೆಸಿ ಸಿಮೆಂಟು ಹಾಕಿಸ್ತಾರೆ, ಇನ್ನು ಮುಂದೆ ಕುದುರೆ ಆ ಕಡೆ ಹೆಜ್ಜೆ ಇಡಂಗಿಲ್ಲ ಅಂತಾರೆ ಅಂದ್ಕೊಂಡು ಉತ್ತರ ರೆಡಿ ಮಾಡ್ಕೊಂಡಿದ್ದೆ. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೋದೆ. ಬಾವ ಒಬ್ಬರೇ, ಬರಿಗಾಲಲ್ಲಿ, ಕಿಂಡಿ ಮುಂದೆ ಕೂತು ಇಟ್ಟಿಗೆ ಜೋಡಿಸ್ತಿದ್ರು. ಪಕ್ಕದಲ್ಲಿ ಸಿಮೆಂಟ್ ಇರಲಿಲ್ಲ. ಒಂದು ಬಾಂಡ್ಲಿ ತುಂಬ ಕೆಸರು ಮಣ್ಣು ಕಲೆಸಿಟ್ಟಿತ್ತು.

ನಾನು ಬಂದದ್ದು ಗೊತ್ತಾಯ್ತು. ತಿರುಗಲಿಲ್ಲ. ಅಕ್ಕ ಇರಲಿಲ್ಲ, ಕಂಬ ದೂರ. ಅಂಗಳದಲ್ಲಿ ಮರಿಗೆ ಹಾಲು ಕುಡಿಸ್ತಾ ನಿಂತಿದ್ದ ಕುದುರೆ ಕಡೆ ಮುಖ ಮಾಡಿದ್ರು.

"ಏಳು ನಿಮ್ಮವ್ವಂಗೆ" ಅಂದ್ರು, "ಬರೀ ಮಣ್ಣಾಕಿವ್ನಿ. ಚಳಿಗಾಲಕ್ಕೆ ಹಾರೆ ಎತ್ತೋದು ಬ್ಯಾಡ, ಕೈಲೇ ತೆಗೀಬೋದು ಅಂತ."